ಮೊದಲ ಟ್ರೈನ್ ಶೋಗೆ ಹೊರಟಿದ್ದೀರಾ? ಹೊರಡುವ ಮುಂಚೆ ನಿಮ್ಮ ಟೇಬಲ್ ಅಳೆಯಿರಿ

ಓದುಗರ ಪ್ರಶ್ನೆ: "ಎರಡು ವರ್ಷದಿಂದ ಮನೆಯಲ್ಲಿ ಎಚ್‌ಓ ಸ್ಕೇಲಿನ (ನಿಜವಾದ ರೈಲಿನ 87ರಲ್ಲಿ ಒಂದು ಪಾಲು ಅಳತೆಯ) ಸಣ್ಣ ಲೇಔಟ್, ಅಂದರೆ ಮಾಡೆಲ್ ರೈಲು ಓಡಿಸುವ ಹಳಿಯ ಮೇಜು, ಕಟ್ಟುತ್ತಿದ್ದೇನೆ. 4 ಅಡಿ ಅಗಲ, 8 ಅಡಿ ಉದ್ದದ ಪ್ಲೈವುಡ್, ಒಂದು ಸುತ್ತು ಹಳಿ, ಎರಡು ಸೈಡಿಂಗ್ (ಪಕ್ಕಕ್ಕೆ ಕವಲೊಡೆಯುವ ಹಳಿ). ಗುಂಡಿ ತಿರುಗಿಸಿದರೆ ಓಡುತ್ತದೆ, ಡಿಸಿಸಿ ಗಿಸಿಸಿ ಅಂತ ಡಿಜಿಟಲ್ ಕಂಟ್ರೋಲ್ ಏನೂ ಇಲ್ಲ. ಇದುವರೆಗೆ ಯಾವ ಮಾಡೆಲ್ ಟ್ರೈನ್ ಶೋಗೂ ಹೋಗಿಲ್ಲ. ಈ ಸಲ ಎರಡು ದಿನದ ದೊಡ್ಡ ಶೋಗೆ ಹೊರಟಿದ್ದೇವೆ. ನಾನು, 9 ವರ್ಷದ ಮಗಳು, 72 ವರ್ಷದ ಮಾವ. ಗೊತ್ತಿದ್ದವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಾಗಿಲು ತೆರೆಯುವಾಗಲೇ ಒಳಗೆ ನುಗ್ಗದಿದ್ದರೆ ಒಳ್ಳೆಯದೆಲ್ಲ ಖಾಲಿ ಅಂತ ಒಬ್ಬರು. ಕೊನೆಯ ಗಂಟೆಯಲ್ಲಿ ಹೋದರೆ ಎಲ್ಲ ಅರ್ಧ ಬೆಲೆ ಅಂತ ಇನ್ನೊಬ್ಬರು. ಹಳೇ ಎಂಜಿನ್ ಕೊಂಡರೆ ಟೋಪಿ ಗ್ಯಾರಂಟಿ ಅಂತ ಮತ್ತೊಬ್ಬರು. ಅಲ್ಲಿರುವವರೆಲ್ಲ ಪಳಗಿದವರು, ನನ್ನ ಪ್ರಶ್ನೆ ಕೇಳಿ ನಗುತ್ತಾರೇನೋ ಅನ್ನೋ ಹಿಂಜರಿಕೆಯೂ ಇದೆ. ಒಂದು ದಿನ ಸಾಕಾ, ಎರಡೂ ದಿನ ಬೇಕಾ? ಇನ್ನೊಂದು ವಿಷಯ. ಮಾವನ ಹತ್ತಿರ ಅವರ ಚಿಕ್ಕಂದಿನ ಒಂದು ಭಾರದ ಲೋಹದ ಎಂಜಿನ್ ಇದೆ, ಹೊಟ್ಟೆಯಡಿ ಉದ್ದನೆಯ ಪಟ್ಟಿ ಇದೆ. ನಮ್ಮ ಹಳಿಯ ಮೇಲೆ ಓಡುತ್ತಾ? ಶೋಗೆ ತರಬಹುದಾ?"

ಉತ್ತರ: ನಿಮ್ಮ ಪತ್ರ ಓದುತ್ತಾ ನಗು ಬಂತು, ತಪ್ಪು ತಿಳಿಯಬೇಡಿ. ನನ್ನ ಮೊದಲ ಶೋ ನೆನಪಾಯಿತು. ನಾನೂ ಬಾಗಿಲು ತೆರೆಯುವ ಮುಂಚೆಯೇ ಹೋಗಿ ನಿಂತಿದ್ದೆ. ತೆರೆದ ಕೂಡಲೇ ಓಡಿದೆ. ಮೊದಲ ಅರ್ಧ ಗಂಟೆಯಲ್ಲೇ ಮೂರು ಉದ್ದನೆಯ ಪ್ಯಾಸೆಂಜರ್ ಬೋಗಿ ಕೊಂಡು, ಗೆದ್ದೆ ಅಂದುಕೊಂಡೆ. ಮನೆಗೆ ಬಂದು ಹಳಿಯ ಮೇಲಿಟ್ಟು ಓಡಿಸಿದರೆ ಮೊದಲ ತಿರುವಿನಲ್ಲೇ ಮೂರೂ ಮಗುಚಿಕೊಂಡವು. ಬೋಗಿಯಲ್ಲಿ ಏನೂ ದೋಷವಿರಲಿಲ್ಲ. ಮಾರಿದವರದ್ದೂ ತಪ್ಪಿಲ್ಲ. ನನ್ನ ತಿರುವು ಎಷ್ಟು ಬಿಗಿಯಾಗಿದೆ ಅಂತ ನನಗೇ ಗೊತ್ತಿರಲಿಲ್ಲ, ಅಷ್ಟೇ. ಆ ಮೂರು ಬೋಗಿ ಇವತ್ತಿಗೂ ಡಬ್ಬಿಯಲ್ಲೇ ಇವೆ. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಶೋಗಳಲ್ಲೇ ಕಳೆದಿದ್ದೇನೆ. ಮೊದಲು ನೋಡುವವನಾಗಿ, ಆಮೇಲೆ ಕ್ಲಬ್ಬಿನ ಲೇಔಟ್ ಹಿಂದೆ ನಿಂತು, ಈಗ ರಿಪೇರಿ ಟೇಬಲ್ ಹಾಕಿಕೊಂಡು. ಹಾಗಾಗಿ ಟೇಬಲ್ಲಿನ ಎರಡೂ ಕಡೆಯಿಂದ ನೋಡಿದ್ದೇನೆ.

ನೀವು ಐದಾರು ಪ್ರಶ್ನೆ ಕೇಳಿದ್ದೀರಿ. ಆದರೆ ಎಲ್ಲದರ ಅಡಿಯಲ್ಲಿ ಇರುವುದು ಒಂದೇ ಭಯ: ಅಷ್ಟೊಂದು ಸಾಮಾನು, ಅಷ್ಟೊಂದು ಜನ, ಅಲ್ಲಿ ತಲೆ ಕೆಟ್ಟು ಏನೋ ಒಂದು ತಪ್ಪು ಮಾಡಿಬಿಡುತ್ತೇನೆ ಅಂತ. ಆ ಭಯ ಸುಳ್ಳಲ್ಲ. ಆದರೆ ಅದಕ್ಕೆ ಮದ್ದು ಶೋ ಹಾಲ್‌ನಲ್ಲಿ ಸಿಗಲ್ಲ. ಎಷ್ಟು ಗಂಟೆಗೆ ಹೋಗಬೇಕು, ಯಾವ ಬಾಗಿಲಿಂದ ಹೋಗಬೇಕು ಅನ್ನುವುದಕ್ಕಿಂತ, ಹೊರಡುವ ವಾರ ನಿಮ್ಮ ಸ್ವಂತ ಟೇಬಲ್ ಮುಂದೆ ಟೇಪು ಹಿಡಿದು ಕೂರುವ ಅರ್ಧ ಗಂಟೆ ಮುಖ್ಯ. ಅದರಿಂದಲೇ ಶುರು ಮಾಡೋಣ.

ಮೊದಲು ತಿರುವು ಅಳೆಯಿರಿ. ಲೇಔಟಿನಲ್ಲಿ ಎಲ್ಲಕ್ಕಿಂತ ಬಿಗಿಯಾದ ತಿರುವು ಯಾವುದೋ ಅದು. ವೃತ್ತದ ನಡುವಿನಿಂದ ಎರಡು ಹಳಿಗಳ ಮಧ್ಯದವರೆಗೆ ಎಷ್ಟು ಅನ್ನುವುದೇ ರೇಡಿಯಸ್. ಪೆಟ್ಟಿಗೆಯಲ್ಲಿ ಬರುವ ಸ್ಟಾರ್ಟರ್ ಸೆಟ್‌ಗಳಲ್ಲಿ, ಅದರಲ್ಲೂ ಅಮೆರಿಕದ ಮಾದರಿಯವುಗಳಲ್ಲಿ, ಸಾಮಾನ್ಯವಾಗಿ ಅದು 18 ಇಂಚು, ಅಂದರೆ 457 ಮಿ.ಮೀ. ನೀವು ಹೇಳಿದ ಅಗಲದ ಪ್ಲೈವುಡ್ ಮೇಲೆ ಹೆಚ್ಚೆಂದರೆ 22 ಇಂಚು ಹಿಡಿಸಬಹುದು. ಲೇಔಟ್ ಕಟ್ಟುವವರ ಬಾಯಲ್ಲಿ ಒಂದು ಲೆಕ್ಕ ಓಡಾಡುತ್ತದೆ: ರೇಡಿಯಸ್ಸು ಬೋಗಿಯ ಉದ್ದದ ಎರಡೂವರೆ ಪಟ್ಟಾದರೂ ಇರಬೇಕು, ಮೂರು ಪಟ್ಟಿದ್ದರೆ ನಿಶ್ಚಿಂತೆ. ಈಗ 457 ಅನ್ನು ಎರಡೂವರೆಯಿಂದ ಭಾಗಿಸಿ. 183 ಮಿ.ಮೀ. ಹತ್ತಿರ ಬರುತ್ತದೆ. 40 ಅಡಿ, 50 ಅಡಿ ಉದ್ದದ ನಿಜವಾದ ಗೂಡ್ಸ್ ಡಬ್ಬಿಗಳು ಎಚ್‌ಓದಲ್ಲಿ 140, 175 ಮಿ.ಮೀ. ಆಗುತ್ತವೆ, ಅವು ನಿಮ್ಮಲ್ಲಿ ಆರಾಮಾಗಿ ಓಡುತ್ತವೆ. 85 ಅಡಿಯ ಪ್ಯಾಸೆಂಜರ್ ಬೋಗಿ ಮಾತ್ರ ಸುಮಾರು 297 ಮಿ.ಮೀ. ಆಗುತ್ತದೆ. ನಾನು ಕೊಂಡದ್ದು ಅದೇ. ಶೋದಲ್ಲಿ ಅದು ಕ್ಲಬ್ಬಿನವರ ದೊಡ್ಡ ತಿರುವಿನ ಮೇಲೆ ಹಾವಿನ ಹಾಗೆ ನುಣ್ಣಗೆ ಹರಿದುಹೋಗುತ್ತಿತ್ತು. ಆ ಹಳಿ ಅವರದ್ದು, ನನ್ನದಲ್ಲ ಅನ್ನುವುದು ತಲೆಗೆ ಹೋಗಲಿಲ್ಲ ನೋಡಿ.

ಇದೇ ಜಾಗದಲ್ಲಿ ಬಿಗ್ ಬಾಯ್ ಬಗ್ಗೆ ಎಚ್ಚರಿಸಿಬಿಡುತ್ತೇನೆ, ಯಾಕಂದರೆ ಮೊದಲ ಸಲ ಬಂದವರು ಅದರ ಮುಂದೆ ನಿಂತು ಮೈಮರೆಯುತ್ತಾರೆ. ಯೂನಿಯನ್ ಪೆಸಿಫಿಕ್ ರೈಲ್ವೆಗಾಗಿ 1941ರಿಂದ 1944ರ ನಡುವೆ ಕಟ್ಟಿದ ಆ ದೈತ್ಯ ಸ್ಟೀಮ್ ಎಂಜಿನ್‌ಗಳು ಒಟ್ಟು 25. ಟೆಂಡರ್ (ಕಲ್ಲಿದ್ದಲು, ನೀರು ಹೊರುವ ಹಿಂದಿನ ಬಂಡಿ) ಸೇರಿ ಒಂದೊಂದರ ಉದ್ದ 40 ಮೀಟರಿಗೂ ಜಾಸ್ತಿ. ಎಚ್‌ಓದಲ್ಲಿ ಅದು 465 ಮಿ.ಮೀ. ಹತ್ತಿರ, ಅಂದರೆ 18 ಇಂಚಿನ ತಿರುವಿನ ರೇಡಿಯಸ್ಸಿಗಿಂತ ಎಂಜಿನ್ನೇ ಉದ್ದ! ಕೆಲವು ಕಂಪನಿಯವರು ಬಿಗಿ ತಿರುವಿನಲ್ಲೂ ಬಳುಕುವ ಹಾಗೆ ಮಾಡಿರುತ್ತಾರೆ, ನಿಜ. ಆದರೆ ಅದರ ಮೂಗು ತಿರುವಿನ ಹೊರಗೆ ಚಾಚಿಕೊಂಡು ನಿಮ್ಮ ಸ್ಟೇಷನ್ನಿನ ಕಂಬ ಕೆಡವುತ್ತದೆ. ಕಣ್ತುಂಬ ನೋಡಿ, ಮಗಳನ್ನು ನಿಲ್ಲಿಸಿ ಫೋಟೋ ತೆಗೆಯಿರಿ, ಮುಂದೆ ನಡೆಯಿರಿ.

ತಿರುವಾದ ಮೇಲೆ ಹಳಿ. ಹಳಿಯ ಎತ್ತರಕ್ಕೆ ಕೋಡ್ ಅಂತಾರೆ, ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ. ಕೋಡ್ 100 ಅಂದರೆ 2.54 ಮಿ.ಮೀ., ಕೋಡ್ 83 ಅಂದರೆ 2.1 ಮಿ.ಮೀ. ಎರಡನ್ನೂ ಸುಮ್ನೆ ಜೋಡಿಸಿದರೆ ಮಧ್ಯದಲ್ಲಿ ಮೆಟ್ಟಿಲಾಗುತ್ತದೆ, ಅದಕ್ಕೆ ಬೇರೆಯದೇ ಜಾಯಿನರ್ ಬೇಕು. ಶೋದಲ್ಲಿ ಕಟ್ಟುಗಟ್ಟಲೆ ಹಳೇ ಹಳಿ ಅಗ್ಗಕ್ಕೆ ಸಿಗುತ್ತದೆ. ನಿಮ್ಮ ಕೋಡ್ ಯಾವುದು ಅಂತ ಗೊತ್ತಿಲ್ಲದೆ ಕೊಂಡರೆ ಅದು ಹಳಿಯಲ್ಲ, ಗುಜರಿ.

ಕೊಂಡಿ ಯಾವ ಥರದ್ದು ಅಂತ ನೋಡಿ ಬರೆದುಕೊಳ್ಳಿ. ಹಳೇ ಸೆಟ್‌ಗಳ ಕೊಂಬಿನಂಥ ಕೊಂಡಿಯಾ, ಯುರೋಪಿನ ಬಳೆಯಂಥದ್ದಾ, ಇಲ್ಲ ನಿಜವಾದ ರೈಲಿನ ಮುಷ್ಟಿಯಂಥದ್ದಾ? ಇವು ಒಂದಕ್ಕೊಂದು ಸೇರಲ್ಲ. ಬರೆಯಲು ಬರದಿದ್ದರೆ ಇನ್ನೂ ಸುಲಭದ ದಾರಿ ಇದೆ: ನಿಮ್ಮದೇ ಒಂದು ಗೂಡ್ಸ್ ಡಬ್ಬಿಯನ್ನು ಹತ್ತಿಯಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಬನ್ನಿ. ನಾನು ಈಗಲೂ ಹಾಗೇ ಮಾಡುವುದು. ಜೊತೆಗೆ ಬಿಗಿ ತಿರುವಿನ ಮೇಲೆ ಒಂದು ಹಾಳೆಯಿಟ್ಟು ಹಳಿಯ ಗುರುತು ಪೆನ್ಸಿಲಿನಲ್ಲಿ ಉಜ್ಜಿ ತೆಗೆದುಕೊಳ್ಳಿ. ಯಾವ ಬೋಗಿ ಕಂಡರೂ ಆ ಹಾಳೆಯ ಮೇಲಿಟ್ಟು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಇನ್ನು ನಿಮ್ಮಲ್ಲಿರುವ ಎಂಜಿನ್, ಡಬ್ಬಿಗಳ ಫೋಟೋ ನಂಬರ್ ಕಾಣುವ ಹಾಗೆ ಫೋನಿನಲ್ಲಿರಲಿ. ಒಂದೇ ನಂಬರಿನ ಡಬ್ಬಿ ಎರಡೆರಡು ಸಲ ಕೊಂಡವರ ಸಂಘ ಕಟ್ಟಿದರೆ ನಾನೇ ಅಧ್ಯಕ್ಷ.

ಸ್ಕೇಲ್ ವಿಚಾರದಲ್ಲಿ ಒಂದೇ ಮಾತು. ಹಳಿಗೆ ಕೂತಿತು ಅಂದ ಮಾತ್ರಕ್ಕೆ ಸ್ಕೇಲ್ ಒಂದೇ ಅಂತಲ್ಲ. ಎಚ್‌ಓ ಅಂದರೆ 1:87, ಹಳಿಯ ಅಗಲ 16.5 ಮಿ.ಮೀ. ಬ್ರಿಟನ್ನಿನ ಓಓ ಮಾದರಿಗಳು 1:76, ಆದರೆ ಓಡುವುದು ಅದೇ 16.5 ಮಿ.ಮೀ. ಹಳಿಯ ಮೇಲೆ. ಓಡುವುದಕ್ಕೇನೂ ತೊಂದರೆಯಿಲ್ಲ, ಪಕ್ಕದಲ್ಲಿ ನಿಲ್ಲಿಸಿದರೆ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ. ಕೆಲವರಿಗೆ ಅದು ನಡೆಯುತ್ತದೆ, ಕೆಲವರಿಗೆ ರಾತ್ರಿ ನಿದ್ದೆ ಬರಲ್ಲ. ನೀವು ಯಾವ ಪೈಕಿ ಅಂತ ನಿಮಗೇ ಗೊತ್ತು.

ಈಗ ಬಾಗಿಲು ತೆರೆಯುವ ಹೊತ್ತಿನ ಕಥೆ. ಮೊದಲ ಗಂಟೆಯಲ್ಲಿ ನಿಜವಾಗಿಯೂ ಓಡುವವರು ಯಾರು ಗೊತ್ತಾ? ವ್ಯಾಪಾರಿಗಳೇ. ಒಬ್ಬರ ಟೇಬಲ್ಲಿನಿಂದ ಕೊಂಡು ಇನ್ನೊಂದು ಟೇಬಲ್ಲಿನಲ್ಲಿ ಮಾರುವವರು. ಅವರ ಹಿಂದೆ, ಹತ್ತು ವರ್ಷದಿಂದ ಯಾವುದೋ ಒಂದೇ ಒಂದು ಹಿತ್ತಾಳೆ ಎಂಜಿನ್ ಹುಡುಕುತ್ತಿರುವ ಸಂಗ್ರಹಕಾರರು. ನಿಮಗೂ ಹಾಗೆ ಅಪರೂಪದ ಒಂದು ವಸ್ತುವೇ ಬೇಕಿದ್ದರೆ ಮೊದಲ ಗಂಟೆಗೆ ಅರ್ಥವಿದೆ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ. ಎಚ್‌ಓ ಅತಿ ಹೆಚ್ಚು ಜನ ಹಿಡಿದಿರುವ ಸ್ಕೇಲ್, ಗೂಡ್ಸ್ ಡಬ್ಬಿ, ಪಾಯಿಂಟ್ (ಹಳಿ ಕವಲೊಡೆಯುವ ತುಂಡು), ಕಟ್ಟಡದ ಕಿಟ್ ಎರಡನೇ ದಿನ ಸಂಜೆಯವರೆಗೂ ರಾಶಿ ಬಿದ್ದಿರುತ್ತವೆ.

ಕೊನೆಯ ಗಂಟೆಯ ಅರ್ಧ ಬೆಲೆ? ಅರ್ಧ ಸತ್ಯ. ವಾಪಸ್ ಹೊತ್ತುಕೊಂಡು ಹೋಗಲು ಕಷ್ಟವಾದ ಸಾಮಾನಿಗೆ ಬೆಲೆ ಇಳಿಯುತ್ತದೆ: ಹಳಿಯ ಕಟ್ಟು, ಜೋಡಿಸಿಟ್ಟ ಕಟ್ಟಡ, ಹಳೇ ಪತ್ರಿಕೆಗಳ ರಾಶಿ. ಒಂದು ಅಂಗೈ ಜಾಗ ಹಿಡಿಯುವ ಒಳ್ಳೆಯ ಎಂಜಿನ್ನಿಗೆ ಯಾರೂ ಬೆಲೆ ಇಳಿಸಲ್ಲ, ಅದು ಮುಂದಿನ ಶೋದಲ್ಲಿ ಮಾರಾಟವಾಗುತ್ತದೆ ಅಂತ ಅವರಿಗೆ ಗೊತ್ತು. ಇನ್ನೊಂದು, ಆ ಹೊತ್ತಿಗೆ ಎಲ್ಲರೂ ಡಬ್ಬ ಕಟ್ಟುವ ಗಡಿಬಿಡಿಯಲ್ಲಿರುತ್ತಾರೆ. ಎಂಜಿನ್ ಓಡಿಸಿ ತೋರಿಸಿ ಅಂತ ಕೇಳಿದರೆ ಟೆಸ್ಟ್ ಹಳಿ ಆಗಲೇ ಪ್ಯಾಕ್ ಆಗಿರುತ್ತದೆ.

ಒಂದು ದಿನವಾ ಎರಡು ದಿನವಾ ಅಂದರೆ, ನಿಮ್ಮ ಮನೆಮಂದಿಯನ್ನು ನೋಡಿದರೆ ನನ್ನ ಓಟು ಎರಡು ದಿನಕ್ಕೆ, ಆದರೆ ಎರಡು ಅರ್ಧ ದಿನ. ದೊಡ್ಡ ಶೋ ಅಂದರೆ ಎಷ್ಟು ದೊಡ್ಡದು ಅನ್ನುವ ಅಂದಾಜು ಮೊದಲ ಸಲ ಯಾರಿಗೂ ಇರಲ್ಲ. ಅಮೆರಿಕದ ವೆಸ್ಟ್ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಆಮ್‌ಹರ್ಸ್ಟ್ ರೈಲ್ವೆ ಸೊಸೈಟಿ ಜನವರಿಯಲ್ಲಿ ನಡೆಸುವ ಶೋ ನಾಲ್ಕು ಬೇರೆ ಬೇರೆ ಕಟ್ಟಡಗಳಲ್ಲಿ ಹರಡಿಕೊಂಡಿರುತ್ತದೆ. ಜರ್ಮನಿಯ ಡಾರ್ಟ್‌ಮುಂಡ್‌ನ ಇಂಟರ್‌ಮಾಡೆಲ್‌ಬಾವ್‌ನಲ್ಲಿ ರೈಲಿನ ಜೊತೆ ವಿಮಾನ, ಹಡಗಿನ ಮಾದರಿಗಳೂ ಇರುತ್ತವೆ. ಇಂಥ ಕಡೆ ಸಿಮೆಂಟ್ ನೆಲದ ಮೇಲೆ ಇಡೀ ದಿನ ನಡೆದರೆ ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಕಣ್ಣಿಗೆ ಎಲ್ಲ ರೈಲೂ ಒಂದೇ ಥರ ಕಾಣುತ್ತವೆ. ದಡ್ಡತನದ ಖರೀದಿಗಳು ನಡೆಯುವುದು ಆ ಹೊತ್ತಿನಲ್ಲೇ. ಕಾಲು ನೋಯುವಾಗ ಏನಾದರೂ ಒಂದು ಕೊಂಡುಬಿಟ್ಟರೆ ಬಂದಿದ್ದು ಸಾರ್ಥಕ ಅನ್ನಿಸುತ್ತದೆ, ಅಲ್ವಾ?

ಅದಕ್ಕೇ ಮೊದಲ ದಿನ ಬಾಗಿಲಿನ ನೂಕಾಟ ಕಳೆದ ಮೇಲೆ ಹೋಗಿ, ಬರೀ ನೋಡಿ. ಏನೂ ಕೊಳ್ಳಬೇಡಿ, ಇಷ್ಟವಾದದ್ದರ ಟೇಬಲ್ ನಂಬರ್ ಮಾತ್ರ ಬರೆದುಕೊಳ್ಳಿ. ರಾತ್ರಿ ಕೂತು ನಿಮ್ಮ ಅಳತೆಯ ಚೀಟಿಯ ಜೊತೆ ತಾಳೆ ನೋಡಿ. ಎರಡನೇ ದಿನ ಬೆಳಿಗ್ಗೆ ನೇರ ಆ ಟೇಬಲ್‌ಗಳಿಗೆ. ಇದರಲ್ಲಿ ಅಪಾಯ ಒಂದೇ, ನೀವು ಕಣ್ಣಿಟ್ಟದ್ದು ಅಷ್ಟರಲ್ಲಿ ಹೋಗಿರಬಹುದು. ನನಗೆ ಹಾಗೆ ಹೋದ ವಸ್ತುಗಳು ಹಲವು. ಅವುಗಳಲ್ಲಿ ಎರಡು ಮಾತ್ರ ಈಗಲೂ ನೆನಪಿವೆ, ಉಳಿದವು ಯಾವುವು ಅಂತಲೇ ಮರೆತಿದೆ. ಎರಡು ದಿನ ಆಗಲ್ಲ ಅಂದರೆ ಎರಡನೇ ದಿನ ಆರಿಸಿಕೊಳ್ಳಿ. ಜನ ಕಡಿಮೆ, ಲೇಔಟ್ ಹಿಂದೆ ನಿಂತವರಿಗೂ ಮಾತಾಡಲು ಪುರುಸೊತ್ತು.

ಮಗಳ ವಿಷಯ. ಕ್ಲಬ್ಬುಗಳ ಲೇಔಟ್‌ಗಳನ್ನು ಕಟ್ಟಿರುವುದು ದೊಡ್ಡವರ ಎದೆಮಟ್ಟಕ್ಕೆ. ಫ್ರೀ-ಮೋ ಅನ್ನುವ ಮಾದರಿಯ ಮಾಡ್ಯೂಲ್‌ಗಳಲ್ಲಿ (ಒಂದಕ್ಕೊಂದು ಜೋಡಿಸುವ ಲೇಔಟ್ ತುಂಡುಗಳಲ್ಲಿ) ಹಳಿ ನೆಲದಿಂದ 50 ಇಂಚು ಮೇಲಿರುತ್ತದೆ, 1270 ಮಿ.ಮೀ. 9 ವರ್ಷದ ಮಗುವಿಗೆ ಅಲ್ಲಿ ಕಾಣುವುದು ಪ್ಲೈವುಡ್ಡಿನ ಅಂಚು. ಮಡಚುವ ಸಣ್ಣ ಮೆಟ್ಟಿಲು ತರಬಹುದಾ ಅಂತ ಆಯೋಜಕರನ್ನು ಮೊದಲೇ ಕೇಳಿ, ಜನ ಎಡವುತ್ತಾರೆ ಅಂತ ಕೆಲವು ಕಡೆ ಬಿಡಲ್ಲ. ಬಿಡದಿದ್ದರೆ ಟಿ-ಟ್ರ್ಯಾಕ್ ಲೇಔಟ್ ಎಲ್ಲಿದೆ ಅಂತ ಹುಡುಕಿ. ಅದು ಸಾಮಾನ್ಯ ಮೇಜಿನ ಮೇಲೆ ಜೋಡಿಸುವಂಥದ್ದು, ಹೆಚ್ಚಾಗಿ ಎನ್ ಸ್ಕೇಲ್, ಎಚ್‌ಓಗಿಂತ ಸಣ್ಣದು. ಮಕ್ಕಳ ಕಣ್ಣಿನ ಮಟ್ಟಕ್ಕೆ ಸರಿಯಾಗಿರುತ್ತದೆ. ಮುಟ್ಟಬೇಡ ಅಂತ ಹತ್ತು ಸಲ ಹೇಳುವ ಬದಲು ಅವಳ ಕೈಗೆ ಒಂದು ಕೆಲಸ ಕೊಡಿ. ಲೇಔಟ್‌ಗಳಲ್ಲಿ ತಮಾಷೆಯ ಸಣ್ಣ ದೃಶ್ಯಗಳನ್ನು ಅಡಗಿಸಿಟ್ಟಿರುತ್ತಾರೆ. ಛಾವಣಿಯ ಮೇಲೆ ಬೆಕ್ಕು, ಒಗೆದ ಬಟ್ಟೆ, ಪೊದೆಯ ಹಿಂದೆ ಏನೋ ಒಂದು. ಅವನ್ನು ಹುಡುಕಿ ಎಣಿಸಲಿ. ಹೆಗಲ ಬ್ಯಾಗನ್ನು ಮಾತ್ರ ಎದೆಗೆ ಹಾಕಿಕೊಳ್ಳಿ, ಮಗಳಿಗಿಂತ ನಿಮ್ಮ ಬ್ಯಾಗೇ ಲೇಔಟಿಗೆ ಜಾಸ್ತಿ ಅಪಾಯ. ಮಾವನವರಿಗೆ ಮೂವರೂ ಒಟ್ಟಿಗೆ ಸುತ್ತುವುದು ಕಷ್ಟವಾಗುತ್ತದೆ. ಒಂದು ದೊಡ್ಡ ಲೇಔಟ್ ಹತ್ತಿರ ಕೂರುವ ಜಾಗ ನೋಡಿ, ಅಲ್ಲೇ ಸೇರುವ ಹೊತ್ತು ಗೊತ್ತು ಮಾಡಿಕೊಂಡು ನೀವು ಸುತ್ತಿ ಬನ್ನಿ.

ನಗುತ್ತಾರೇನೋ ಅನ್ನುವ ಹಿಂಜರಿಕೆಗೆ ಬರೋಣ. ಲೇಔಟಿನ ಹಿಂದೆ ನಿಂತವನಾಗಿ ಹೇಳುತ್ತೇನೆ, ನಮಗೆ ಇಡೀ ದಿನ ಬರುವ ಪ್ರಶ್ನೆ ಎರಡೇ: ಇದಕ್ಕೆ ಎಷ್ಟು ಖರ್ಚಾಯಿತು, ಎಷ್ಟು ದಿನ ಹಿಡಿಯಿತು. ಯಾರಾದರೂ ಬಂದು "ನನ್ನದು 18 ಇಂಚಿನ ತಿರುವು, ಸೈಡಿಂಗಿನ ಪಾಯಿಂಟ್ ಹತ್ತಿರ ಡಬ್ಬಿ ಇಳಿಯುತ್ತದೆ, ಯಾಕಿರಬಹುದು?" ಅಂತ ಕೇಳಿದರೆ ನಮಗೆ ಹಬ್ಬ. ಚಕ್ರದ ಅಳತೆ ನೋಡಿದ್ದೀರಾ ಅಂತ ಕೇಳುತ್ತೇವೆ, ಜೇಬಿನಿಂದ ಎನ್‌ಎಂಆರ್‌ಎ ಗೇಜ್ ತೆಗೆದು ತೋರಿಸುತ್ತೇವೆ. ಎನ್‌ಎಂಆರ್‌ಎ ಅಂದರೆ 1935ರಲ್ಲಿ ಅಮೆರಿಕದಲ್ಲಿ ಶುರುವಾದ ಮಾಡೆಲ್ ರೈಲು ಹವ್ಯಾಸಿಗಳ ಸಂಘ. ಒಂದು ಕಂಪನಿಯ ಡಬ್ಬಿ ಇನ್ನೊಂದು ಕಂಪನಿಯ ಹಳಿಯ ಮೇಲೆ ಓಡುವ ಹಾಗೆ ಅಳತೆಗಳನ್ನು ಗೊತ್ತುಮಾಡಿದವರಲ್ಲಿ ಅವರು ದೊಡ್ಡವರು. ಆ ಗೇಜ್ ಒಂದು ಪುಟ್ಟ ಲೋಹದ ತಗಡು. ಚಕ್ರಗಳ ನಡುವಿನ ಅಂತರ, ಪಾಯಿಂಟಿನ ಸಂದು ಎಲ್ಲ ಅದರಲ್ಲೇ ನೋಡಬಹುದು. ನನ್ನನ್ನು ಕೇಳಿದರೆ ಈ ಶೋದಲ್ಲಿ ನೀವು ಮೊದಲು ಕೊಳ್ಳಬೇಕಾದದ್ದು ಅದೇ. ಹಳಿ ತಪ್ಪುವ ಕಾಯಿಲೆಗಳಲ್ಲಿ ಬಹುಪಾಲು ಅದರಿಂದಲೇ ಸಿಕ್ಕಿಬೀಳುತ್ತವೆ. ಅಂದಹಾಗೆ, ಶೋದ ದೊಡ್ಡ ಲೇಔಟ್‌ಗಳಲ್ಲೂ ರೈಲು ಹಳಿ ತಪ್ಪುತ್ತದೆ, ದಿನಕ್ಕೆ ಹತ್ತಾರು ಸಲ. ನೀವು ನೋಡುತ್ತಿರುವಾಗಲೇ ತಪ್ಪಿದರೆ ಪಳಗಿದವರ ಮುಖ ಹೇಗಾಗುತ್ತದೆ ಅಂತ ಗಮನಿಸಿ, ನಿಮ್ಮ ಹಿಂಜರಿಕೆ ಅಲ್ಲೇ ಮಾಯ.

ಹಳೇ ಎಂಜಿನ್. ಇದು ನನ್ನ ಕಸುಬು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಟೋಪಿ ಹಾಕುವವರು ಇಲ್ಲವೇ ಇಲ್ಲ ಅಂತ ಹೇಳಲ್ಲ. ಆದರೆ ನನ್ನ ಟೇಬಲ್ಲಿಗೆ ಬರುವ ಕೆಟ್ಟ ಎಂಜಿನ್‌ಗಳ ಹಿಂದೆ ಮೋಸಕ್ಕಿಂತ ಗೊತ್ತಿಲ್ಲದಿರುವುದೇ ಜಾಸ್ತಿ. ಶೋದಲ್ಲಿ ಮಾರುವ ಹಳೇ ಸಾಮಾನಿನಲ್ಲಿ ಬಹಳಷ್ಟು ತೀರಿಹೋದ ಹವ್ಯಾಸಿಗಳ ಸಂಗ್ರಹ. ಮನೆಯವರು ಒಟ್ಟಿಗೆ ಕೊಟ್ಟಿರುತ್ತಾರೆ, ಮಾರುವವರಿಗೆ ಪ್ರತಿಯೊಂದರ ಚರಿತ್ರೆ ಗೊತ್ತಿರಲ್ಲ. "ಚೆನ್ನಾಗಿ ಓಡುತ್ತೆ" ಅಂದರೆ ಅವರು ನಿಜವಾಗಿಯೂ ಹಾಗೆ ನಂಬಿರಬಹುದು. ಕೊಳ್ಳುವ ಜಾಗ ಮೂರು ಥರ. ತಾನೇ ರಿಪೇರಿ ಮಾಡಿ ಮಾರುವವರ ಹತ್ತಿರ ಬೆಲೆ ಜಾಸ್ತಿ, ಆದರೆ ಓಡಿಸಿ ತೋರಿಸುತ್ತಾರೆ, ಕೆಟ್ಟರೆ ಯಾರನ್ನು ಕೇಳಬೇಕು ಅಂತ ಗೊತ್ತಿರುತ್ತದೆ. ಕ್ಲಬ್ಬಿನವರ ಟೇಬಲ್ ಅದಕ್ಕಿಂತ ಅಗ್ಗ, ಸದಸ್ಯರು ಪರಿಚಯದವರಾದ್ದರಿಂದ ಅದರ ಕಥೆಯೂ ಸಿಗುತ್ತದೆ. ಮೇಜಿನ ಕೆಳಗಿನ ರಟ್ಟಿನ ಡಬ್ಬದಲ್ಲಿ ಬಿದ್ದಿರುವುದು ಎಲ್ಲಕ್ಕಿಂತ ಅಗ್ಗ, ಅದನ್ನು ಬಿಡಿಭಾಗ ಅಂತ ತಿಳಿದೇ ಕೊಳ್ಳಿ. ಓಡಿದರೆ ಲಾಭ. ಮೊದಲ ಎಂಜಿನ್ನಿಗೆ ಮೊದಲ ಎರಡು ಜಾಗ ಸಾಕು.

ಎಂಜಿನ್ ಕೈಗೆತ್ತಿಕೊಳ್ಳುವ ಮುಂಚೆ ಕೇಳಿ. ಟೆಸ್ಟ್ ಹಳಿ ಇದೆಯಾ ಅಂತಲೂ ಕೇಳಿ. ಇದ್ದರೆ ಜೋರಾಗಿ ಓಡಿಸಿ ತೋರಿಸುತ್ತಾರೆ, ಜೋರಾಗಿ ಎಂಥದ್ದೂ ಓಡುತ್ತದೆ. ನಿಧಾನಕ್ಕೆ, ಆಮೆ ನಡಿಗೆಯಲ್ಲಿ ಓಡಿಸಿ ಅನ್ನಿ. ಕುಂಟುತ್ತಾ, ಒಂದೊಂದು ಸುತ್ತಿಗೂ ಟಿಕ್ ಅಂತ ಸದ್ದು ಮಾಡಿದರೆ ಚಕ್ರದ ಅಚ್ಚಿನ ಮೇಲಿನ ಪ್ಲಾಸ್ಟಿಕ್ ಗೇರ್ ಸೀಳಿದೆ ಅಂತ ಅರ್ಥ. ಹಳೇ ಎಂಜಿನ್‌ಗಳಲ್ಲಿ ಇದು ತೀರಾ ಮಾಮೂಲು. ಬಿಡಿಭಾಗ ಸಿಗುವ ಕಂಪನಿಯದ್ದಾದರೆ ಹೆದರಬೇಕಿಲ್ಲ, ಸಿಗದಿದ್ದರೆ ಶೋಪೀಸ್. ಚಕ್ರವನ್ನು ಮಾತ್ರ ಬೆರಳಿನಿಂದ ತಿರುಗಿಸಬೇಡಿ. ಮೋಟರಿನ ಸ್ಕ್ರೂ ಥರದ ಗೇರ್ ಚಕ್ರವನ್ನು ತಿರುಗಿಸುತ್ತದೆ, ಚಕ್ರದಿಂದ ಮೋಟರ್ ತಿರುಗಲ್ಲ. ಬಲವಂತ ಮಾಡಿದರೆ ಗೇರಿನ ಹಲ್ಲು ಮುರಿದು, ಆಮೇಲೆ ಅದು ನಿಮ್ಮ ಎಂಜಿನ್!

ಟೆಸ್ಟ್ ಹಳಿ ಇಲ್ಲದಿದ್ದರೆ ನಮ್ಮ ಹಳೇ ಉಪಾಯ: 9 ವೋಲ್ಟ್ ಬ್ಯಾಟರಿಗೆ ಎರಡು ತಂತಿ. ಮಾರುವವರು ಒಪ್ಪಿದರೆ ಎಂಜಿನ್ ಮಗುಚಿ ಹಿಡಿದು ಒಂದು ತಂತಿ ಎಡಗಡೆ ಚಕ್ರಕ್ಕೆ, ಇನ್ನೊಂದು ಬಲಗಡೆ ಚಕ್ರಕ್ಕೆ ಮುಟ್ಟಿಸಿ. ತಿರುಗಲಿಲ್ಲ ಅಂದ ಕೂಡಲೇ ಕೈಬಿಡಬೇಡಿ. ಹಳೇ ಸ್ಟೀಮ್ ಎಂಜಿನ್‌ಗಳಲ್ಲಿ ಒಂದು ಕಡೆಯ ಕರೆಂಟ್ ಎಂಜಿನ್ನಿನ ಚಕ್ರದಿಂದ, ಇನ್ನೊಂದು ಕಡೆಯದು ಹಿಂದಿನ ಟೆಂಡರ್ ಚಕ್ರದಿಂದ ಬರುತ್ತದೆ. ತಂತಿಯ ಜಾಗ ಬದಲಿಸಿ ನೋಡಿ. ಇದು ನಿಮ್ಮಲ್ಲಿರುವಂಥ, ಗುಂಡಿ ತಿರುಗಿಸಿ ಓಡಿಸುವ ಡಿಸಿ ಎಂಜಿನ್ನಿಗೆ ಮಾತ್ರ.

ಎರಡು ಮಾತುಗಳಿಗೆ ಮರುಳಾಗಬೇಡಿ. "ಒಂದು ಸಲವೂ ಓಡಿಸಿಲ್ಲ, ಡಬ್ಬಿ ಸಮೇತ ಇದೆ" ಅನ್ನುವುದು ಒಂದು. ಡಬ್ಬಿ ಇರುವುದು ಓಡಿಸಿಲ್ಲ ಅನ್ನುವುದಕ್ಕೆ ಸಾಕ್ಷಿಯಲ್ಲ. ಓಡಿಸದೆ ಇಪ್ಪತ್ತು ವರ್ಷ ಇಟ್ಟಿದ್ದರೆ ಅದು ಹೆಚ್ಚುಗಾರಿಕೆಯೂ ಅಲ್ಲ. ಒಳಗಿನ ಗ್ರೀಸ್ ಅಂಟಾಗಿ ಗಟ್ಟಿಯಾಗಿರುತ್ತದೆ. ಹಾಗೇ ಓಡಿಸಿದರೆ ಮೋಟರ್ ಕಾದು ಸುಡುತ್ತದೆ. ಬಿಚ್ಚಿ, ಒರೆಸಿ, ಹೊಸ ಗ್ರೀಸ್ ಹಾಕಿದ ಮೇಲೆಯೇ ಹಳಿಗೆ. ಎರಡನೆಯದು "ಡಿಸಿಸಿ ರೆಡಿ". ನಿಮ್ಮ ವ್ಯವಸ್ಥೆಯಲ್ಲಿ ಹಳಿಯ ವೋಲ್ಟೇಜ್ ಏರಿಸಿದಷ್ಟೂ ಎಂಜಿನ್ ವೇಗ. ಡಿಸಿಸಿಯಲ್ಲಿ ಹಳಿಯಲ್ಲಿ ಯಾವಾಗಲೂ ಪೂರ್ತಿ ಕರೆಂಟ್, ಎಂಜಿನ್ನಿನ ಒಳಗಿನ ಡಿಕೋಡರ್ ತನ್ನ ನಂಬರಿಗೆ ಬಂದ ಆಜ್ಞೆಯನ್ನಷ್ಟೇ ಕೇಳುತ್ತದೆ. ರೆಡಿ ಅಂದರೆ ಡಿಕೋಡರ್ ಸಿಕ್ಕಿಸುವ ಸಾಕೆಟ್ ಇದೆ ಅಂತ, ಡಿಕೋಡರ್ ಇದೆ ಅಂತಲ್ಲ. ನಿಮಗೆ ಇವತ್ತು ಅಂಥದ್ದೇ ಒಳ್ಳೆಯದು: ಈಗ ಗುಂಡಿ ತಿರುಗಿಸಿ ಓಡಿಸಿ, ಮುಂದೆ ಮನಸ್ಸಾದರೆ ಡಿಕೋಡರ್ ಹಾಕಿ. ಡಿಕೋಡರ್ ಆಗಲೇ ಇರುವ ಎಂಜಿನ್‌ಗಳಲ್ಲೂ ಹಲವು ನಿಮ್ಮ ಹಳಿಯ ಮೇಲೆ ಓಡುತ್ತವೆ, ಆದರೆ ಗುಂಡಿ ಅರ್ಧ ತಿರುಗಿಸಿದ ಮೇಲೆ ಏಳುತ್ತವೆ. ಎಲ್ಲವೂ ಹಾಗಲ್ಲ, ಕೇಳಿಯೇ ಕೊಳ್ಳಿ.

ದುಡ್ಡಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಾವಿರಾರು ಜನ ಒಂದೇ ಹಾಲ್‌ನಲ್ಲಿ ಸೇರಿದಾಗ ಫೋನಿನ ನೆಟ್‌ವರ್ಕ್ ಕೈಕೊಡುತ್ತದೆ, ಸಣ್ಣ ಟೇಬಲ್ಲಿನವರು ನಗದನ್ನೇ ಕೇಳುತ್ತಾರೆ. ಖರ್ಚು ಮಾಡಬಹುದಾದಷ್ಟನ್ನು ಒಂದು ಕವರಿನಲ್ಲಿಟ್ಟುಕೊಳ್ಳಿ, ಕವರ್ ಖಾಲಿಯಾದರೆ ಖರೀದಿ ಮುಗಿಯಿತು. ಮಗಳಿಗೆ ಅವಳದೇ ಒಂದು ಪುಟ್ಟ ಕವರ್ ಕೊಡಿ, ನಿಮಗಿಂತ ಚೆನ್ನಾಗಿ ಚೌಕಾಸಿ ಮಾಡುತ್ತಾಳೆ.

ಕೊನೆಗೆ ಮಾವನವರ ಎಂಜಿನ್. ಹೊಟ್ಟೆಯಡಿ ಉದ್ದನೆಯ ಪಟ್ಟಿ ಅಂದಿರಿ. ಅದು ಜರ್ಮನಿಯ ಮಾರ್ಕ್ಲಿನ್ ಥರದ ಮೂರು ಹಳಿ ವ್ಯವಸ್ಥೆಯದ್ದಿರಬೇಕು. ಅದರಲ್ಲಿ ಕರೆಂಟ್ ಬರುವುದು ಹಳಿಯ ನಡುವಿನಿಂದ, ಆ ಪಟ್ಟಿ ಅದನ್ನು ಎತ್ತಿಕೊಳ್ಳುತ್ತದೆ. ಎರಡೂ ಬದಿಯ ಚಕ್ರಗಳು ಒಳಗೆ ಒಂದಕ್ಕೊಂದು ಸೇರಿರುತ್ತವೆ. ನಿಮ್ಮ ಎರಡು ಹಳಿಯ ಮೇಲಿಟ್ಟರೆ ಅಗಲ ಸರಿಯಾಗಿ ಕೂತರೂ ಆ ಕ್ಷಣವೇ ಶಾರ್ಟ್. ಹಾಗಾಗಿ ನಿಮ್ಮ ಹಳಿಗೆ ಅದು ಬೇಡ, ಬ್ಯಾಟರಿ ಉಪಾಯವೂ ಬೇಡ. ಶೋಗೆ ಮಾತ್ರ ಖಂಡಿತ ತನ್ನಿ.

ತರುವ ಮುಂಚೆ ಟಾರ್ಚ್ ಹಾಕಿ ಮೈಯೆಲ್ಲ ನೋಡಿ. ಕೂದಲೆಳೆಯಂಥ ಬಿರುಕು, ಉಬ್ಬು, ಸೊಟ್ಟಗಾದ ಅಂಚು ಇವೆಯಾ? ಹಳೇ ಕಾಲದ ಸತುವಿನ ಎರಕದಲ್ಲಿ ಸೀಸದ ಕಲಬೆರಕೆ ಸೇರಿದ್ದರೆ ಲೋಹ ಒಳಗಿನಿಂದಲೇ ಬಿರಿದು, ಕೊನೆಗೆ ರಸ್ಕಿನಂತೆ ಪುಡಿಯಾಗುತ್ತದೆ. ಅದಕ್ಕೆ ಮದ್ದಿಲ್ಲ. ಬಿರುಕು ಕಂಡರೆ ಹತ್ತಿಯಲ್ಲಿ ಸುತ್ತಿ ಗಟ್ಟಿ ಡಬ್ಬಿಯಲ್ಲಿಡಿ, ಕಾಣದಿದ್ದರೂ ಹಾಗೇ ತನ್ನಿ. ಶೋಗೆ ತರುತ್ತೇವಲ್ಲ ಅಂತ ಹೊಳಪು ಕೊಡಲು ಹೋಗಬೇಡಿ. ಧೂಳು ಕೂಡ ಹಾಗೇ ಇರಲಿ. ಉಜ್ಜಿ ಬಣ್ಣ ಕಳಕೊಂಡ ಎಂಜಿನ್‌ಗೆ ಸಂಗ್ರಹಕಾರರ ಕಣ್ಣಿನಲ್ಲಿ ಬೆಲೆ ಬಿದ್ದುಹೋಗುತ್ತದೆ. ಅಲ್ಲೇ ಯಾರಾದರೂ ಕೊಳ್ಳುತ್ತೇನೆ ಅಂದರೆ ಅವತ್ತು ಹೂಂ ಅನ್ನಬೇಡಿ, ಎರಡು ಟೇಬಲ್ಲಿನಲ್ಲಾದರೂ ಕೇಳಿ ಮನೆಗೆ ವಾಪಸ್ ತನ್ನಿ.

ಡಬ್ಬಿಯನ್ನು ನೀವು ಹಿಡಿದುಕೊಳ್ಳಬೇಡಿ, ಮಾವನವರ ಕೈಯಲ್ಲೇ ಇರಲಿ. ಹಳೇ ಆಟಿಕೆ ರೈಲು ಇಟ್ಟುಕೊಂಡವರ ಟೇಬಲ್ ಮುಂದೆ ಅವರೇ ಅದನ್ನು ಬಿಚ್ಚಲಿ. ಆ ಟೇಬಲ್ಲಿನವರೂ ಹೆಚ್ಚುಕಡಿಮೆ ಅವರ ವಯಸ್ಸಿನವರೇ ಇರುತ್ತಾರೆ. ಕೂರುವ ಜಾಗ ಹುಡುಕಿ ಅಂದಿದ್ದೆನಲ್ಲ, ಆಮೇಲೆ ಅದು ಬೇಕಾಗಲಿಕ್ಕಿಲ್ಲ. ಅವರೇ ಕುರ್ಚಿ ಎಳೆದುಕೊಡುತ್ತಾರೆ.